ಪಿಕಪ್ ಗಾಡಿಗೆ ಜ್ವರ ಬಂದ ವಾರ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಪಿಕಪ್ ಗಾಡಿಗೆ ನಾನೇ ಮೀಟರ್ ಆಗಿದ್ದೆ. ಗಾಡಿ ಎಷ್ಟು ದೂರ ಓಡಿತು ಎಂದು ತೋರಿಸುವ ಅಂಕಿಗಳು ಅದರಲ್ಲೂ ಇದ್ದವು. ಆದರೆ ಕೇಬಲ್ ಯಾವತ್ತೋ ತುಂಡಾಗಿ, ಅಂಕಿಗಳೆಲ್ಲ ನಿಂತಲ್ಲೇ ನಿಂತುಬಿಟ್ಟಿದ್ದವು. ಅಪ್ಪ ಅದನ್ನು ಸರಿಮಾಡಿಸುವ ಬದಲು ನನ್ನ ಕೈಗೆ ಇನ್ನೂರು ಪುಟದ ನೋಟ್‌ಬುಕ್ ಕೊಟ್ಟ. "ನೀನು ಎಂಗೂ ಎಲ್ಲಾನೂ ಬರ್ಕೋತೀಯಲ್ಲ ಕೂಸೆ, ಇದ್ನೂ ಬರ್ಕೊ" ಎಂದ.

ಅಪ್ಪ ಹೇಳಿದ್ದು ನಿಜ. ಹಸು ಕರು ಹಾಕಿದ ದಿನ, ನನ್ನ ಹಲ್ಲು ಬಿದ್ದ ದಿನ, ಬೆಳಗಿನ ಬಸ್ಸು ಊರಿಗೆ ಬಾರದೆ ಕೈಕೊಟ್ಟ ದಿನ, ಎಲ್ಲಕ್ಕೂ ನನ್ನ ಹತ್ತಿರ ತಾರೀಕು ಇತ್ತು. ನನ್ನ ಅಕ್ಕ ಅಪ್ಪನನ್ನು "ನಂಗೂ ಗಾಡಿ ಓಡ್ಸೋದು ಕಲ್ಸು" ಎಂದು ಕೇಳಿದ್ದು ಹದಿನೇಳು ಸಲ. ಅಪ್ಪ "ನೋಡಾನ" ಎಂದದ್ದೂ ಹದಿನೇಳು ಸಲ. ಅದಕ್ಕೂ ಒಂದು ಪುಟ ಇಟ್ಟಿದ್ದೆ.

ನೀವಿಬ್ಬರೂ ಬಸ್ಸಿನಲ್ಲಿ ನನ್ನನ್ನು "ಅಜ್ಜೀ" ಎಂದು ಕೂಗಿದರೆ ಜನ ತಿರುಗಿ ನೋಡುತ್ತಾರೆ. ಅಜ್ಜಿಯಾಗಲು ನಾನು ಸ್ವಲ್ಪ ಅವಸರ ಮಾಡಿದೆ, ಅಷ್ಟೇ. ಹಾಗಾಗಿ ಈ ಕಥೆಯೂ ತೀರಾ ಹಳೆಯದೇನಲ್ಲ. ೧೯೯೩ನೇ ಇಸವಿ, ಜನವರಿ ತಿಂಗಳು. ನನಗೆ ಹನ್ನೊಂದು ವರ್ಷ, ಅಕ್ಕನಿಗೆ ಹತ್ತೊಂಬತ್ತು.

ನಮ್ಮ ಮನೆ ನಂಜನಗೂಡು ತಾಲ್ಲೂಕಿನಲ್ಲಿ, ಹದಿನಾರು ಎಂಬ ಊರಿನ ಪಕ್ಕದ ಹಳ್ಳಿಯಲ್ಲಿತ್ತು. ಅಪ್ಪ ಹುಲ್ಲಹಳ್ಳಿ ಕಡೆಯ ತೋಟಗಳಿಂದ ಬಾಳೆಗೊನೆ ತುಂಬಿಕೊಂಡು ನಂಜನಗೂಡಿಗೆ ಹೋಗುತ್ತಿದ್ದ. ಬನ್ನೂರಿನ ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಟಿ. ನರಸೀಪುರಕ್ಕೆ ಇಳಿಸುತ್ತಿದ್ದ. ಎತ್ತಿನ ಜೋಡಿಯನ್ನು ಮಾರಿದ ವರ್ಷ ಮನೆಗೆ ಬಂದ ನೀಲಿ ಗಾಡಿ ಅದು. ಹಳೆಯದು, ಡೀಸೆಲ್ಲಿನದು. ಬಾಗಿಲು ತೆಗೆದರೆ ಡೀಸೆಲ್, ಬಾಳೆಹಣ್ಣು, ಬೆಲ್ಲ ಮೂರೂ ಕಲೆತ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯುತ್ತಿತ್ತು. ಸ್ಟಾರ್ಟ್ ಆದರೆ ಮನೆಯ ಮುಂದಿನ ಹೊಂಗೆ ಮರದ ಕೊಕ್ಕರೆಗಳೆಲ್ಲ ಒಮ್ಮೆ ಎದ್ದು, ಮತ್ತೆ ಕೂರುತ್ತಿದ್ದವು.

ನನ್ನ ಪುಸ್ತಕದಲ್ಲಿ ಐದು ಗೆರೆ ಎಳೆದು ಆರು ಖಾನೆ ಮಾಡಿದ್ದೆ: ತಾರೀಕು, ಎಲ್ಲಿಗೆ, ಏನು ಲೋಡು, ಡೀಸೆಲ್, ಮುಳ್ಳು, ತೊಳೆದದ್ದು. ಲೋಡು ಇಳಿಸಿ ಗಾಡಿ ಮನೆಗೆ ಬಂದು ನಿಂತರೆ ಒಂದು ಟ್ರಿಪ್. ಅಂಥ ಅರವತ್ತು ಟ್ರಿಪ್ ಆದ ಕೂಡಲೇ ಇಂಜಿನ್ ಆಯಿಲ್ ಬದಲಿಸಬೇಕು ಎನ್ನುವುದು ಅಪ್ಪನ ಕಟ್ಟುಪಾಡು. 'ಮುಳ್ಳು' ಎಂದು ನಾನು ಬರೆದದ್ದು ಇಂಜಿನ್ನಿನ ಕಾವು ತೋರಿಸುವ ಮುಳ್ಳನ್ನು. ಅದು ಅರ್ಧಕ್ಕೆ ನಿಂತರೆ ಗಾಡಿ ಆರೋಗ್ಯವಾಗಿದೆ. ಮೇಲೆ ಹೋದರೆ ಗಾಡಿಗೆ ಜ್ವರ. ಅಪ್ಪ ಪ್ರತಿ ಸಂಜೆ ಚಪ್ಪಲಿ ಬಿಡುವ ಮೊದಲು ನನಗೆ ಮುಳ್ಳಿನ ಸುದ್ದಿ ಹೇಳುತ್ತಿದ್ದ. ತಿಂಗಳುಗಟ್ಟಲೆ ಆ ಖಾನೆಯಲ್ಲಿ ನಾನು ಬರೆದದ್ದು ಒಂದೇ ಮಾತು: ಅರ್ಧ, ಅರ್ಧ, ಅರ್ಧ.

ಜನವರಿ ಹದಿನೆಂಟು, ಸೋಮವಾರ, ಮೊದಲ ಬಾರಿಗೆ 'ಮುಕ್ಕಾಲು' ಎಂದು ಬರೆದೆ. ಮಂಗಳವಾರವೂ ಮುಕ್ಕಾಲು. ಗುರುವಾರ ಮುಕ್ಕಾಲು ದಾಟಿತು. ಶುಕ್ರವಾರ ಅಪ್ಪ ನಂಜನಗೂಡಿನ ದಾರಿಯಲ್ಲಿ ಎರಡು ಸಲ ಮರದ ನೆರಳಿಗೆ ಗಾಡಿ ನಿಲ್ಲಿಸಿ, ಅದು ತಣ್ಣಗಾಗುವ ತನಕ ಕಾದನಂತೆ. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿರಲಿಲ್ಲ. ಎಲ್ಲೂ ಸೋರುತ್ತಿರಲಿಲ್ಲ. ಇಂಜಿನ್ ಮಾತ್ರ ಬೇಯುತ್ತಿತ್ತು.

ಅಪ್ಪ ಶನಿವಾರ ಊಟಕ್ಕೆ ಕೂತವನು ತಟ್ಟೆ ನೋಡುತ್ತಲೇ ಹೇಳಿದ: "ಎಡ್ ಗ್ಯಾಸ್ಕೆಟ್ ಓಗ್ಯದೆ ಅನ್ಸ್ತದೆ. ಸೋಮಾರ ಮೈಸೂರ್ ಮೇಸ್ತ್ರಿ ತಾವ ಬಿಟ್ಬಿಡ್ತೀನಿ. ಇಂಜಿನ್ ಬಿಚ್ಚಬೇಕು."

ಹೆಡ್ ಗ್ಯಾಸ್ಕೆಟ್ ಎಂದರೆ ಇಂಜಿನ್ನಿನೊಳಗೆ ನೀರೂ ಎಣ್ಣೆಯೂ ಕಲೆಯದಂತೆ ತಡೆಯುವ ತೆಳ್ಳನೆಯ ಹಾಳೆ. ಇಂಜಿನ್ ಬಿಚ್ಚುವುದು ಎಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗಾಡಿ ಹದಿನೈದು ದಿನ ಮೇಸ್ತ್ರಿಯ ಶೆಡ್ಡಿನಲ್ಲಿ. ಕಡಿದ ಬಾಳೆಗೊನೆ ತೋಟದಲ್ಲೇ ಹಣ್ಣಾಗಿ ಕಪ್ಪಾಗುತ್ತದೆ. ಅಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಹಿಡಿದು ನಿಂತಳು. ಅಕ್ಕ ಉಣ್ಣುವುದನ್ನು ನಿಲ್ಲಿಸಿದಳು. ನಾನು ಅದನ್ನು ನೋಡಿದೆ. ಆದರೆ ಬರೆದುಕೊಳ್ಳಲಿಲ್ಲ.

ಶನಿವಾರಕ್ಕೆ ಸರಿಯಾಗಿ ಅರವತ್ತು ಟ್ರಿಪ್ ಆಗಿತ್ತು. "ಇಂಜಿನ್ ಬಿಚ್ಚೋದು ಆಮೇಲಿನ ಮಾತು. ಅರವತ್ತಾಯ್ತಲ್ಲ, ನಮ್ ಕೆಲ್ಸ ನಾವು ಮಾಡ್ಬೇಕು" ಎಂದು ಅಪ್ಪ ಭಾನುವಾರ ಬೆಳಿಗ್ಗೆ ಲುಂಗಿ ಮೇಲಕ್ಕೆ ಕಟ್ಟಿ, ಸ್ಪ್ಯಾನರುಗಳ ಗೋಣಿಚೀಲ ಬಿಚ್ಚಿದ. ನಾನು ಆಗಲೇ ಮಾಡಬೇಕಾದ ಆರು ಕೆಲಸಗಳ ಪಟ್ಟಿ ಬರೆದುಕೊಂಡು ತಯಾರಾಗಿದ್ದೆ.

ಮೊದಲ ಆಶ್ಚರ್ಯವೆಂದರೆ ಅಪ್ಪ ಆಯಿಲ್ ತೆಗೆಯುವ ಮೊದಲು ಇಂಜಿನ್ ಸ್ಟಾರ್ಟ್ ಮಾಡಿದ್ದು. ತೆಗೆದು ಚೆಲ್ಲುವ ಎಣ್ಣೆಗೆ ಯಾಕೆ ಇಷ್ಟು ಉಪಚಾರ ಎಂದು ಕೇಳಿದೆ. "ಚಳಿಗಾಲದಲ್ಲಿ ಕೊಬ್ರಿ ಎಣ್ಣೆ ಸೀಸೆಯಿಂದ ಬರ್ತದಾ? ಬೆಚ್ಚಗಾದ್ರೆ ತಾನೇ ಇಳೀತದೆ" ಎಂದ. ಐದು ನಿಮಿಷ ಬಿಟ್ಟು ಇಂಜಿನ್ ನಿಲ್ಲಿಸಿ, ಗಾಡಿಯ ಅಡಿಗೆ ಗೋಣಿ ಹಾಸಿ ಮಲಗಿದ. ತಳದ ಬೋಲ್ಟ್ ತಿರುಗಿಸುತ್ತಲೇ ಕರ್‍ರಗಿನ ಎಣ್ಣೆ, ರಿಬ್ಬನ್ನಿನ ಹಾಗೆ ಮಿರಮಿರ ಹೊಳೆಯುತ್ತ, ಕಬ್ಬಿಣದ ಬಾಂಡ್ಲಿಗೆ ಇಳಿಯಿತು. ಬಿಸಿ ಎಣ್ಣೆಯ ವಾಸನೆ ಅಂಗಳವನ್ನೆಲ್ಲ ತುಂಬಿಕೊಂಡಿತು.

"ಅಪ್ಪಾ, ಇಷ್ಟು ಕಪ್ಪಗಿದೆಯಲ್ಲ, ಅದ್ಕೇ ಜ್ವರವಾ?" ಎಂದೆ.

"ಡೀಸೆಲ್ ಇಂಜಿನ್ ಕಣ್ ಮಗ. ಹೊಸಾ ಆಯಿಲ್ ಉಯ್ದ್ರೂ ಎರಡ್ನೇ ಟ್ರಿಪ್ಪಿಗೇ ಕಪ್ಪು. ಒಳಗಿರೋ ಮಸೀನೆಲ್ಲ ತಾನೇ ಒತ್ಕೊಂಡ್ ತಿರುಗ್ತದೆ. ಕಪ್ಪಗಿದ್ರೆ ಕೆಲ್ಸ ಮಾಡ್ಯದೆ ಅಂತ."

ಅಪ್ಪ ಬೆರಳಿಗೆ ಒಂದು ಹನಿ ಅಂಟಿಸಿಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಹಳೆ ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ, ಗ್ಯಾಸ್ಕೆಟ್ ಹೋಗಿದೆ ಎಂದು ಅರ್ಥವಂತೆ. ಇದು ಬರೀ ಕಪ್ಪಗಿತ್ತು. ಅಪ್ಪನ ಹುಬ್ಬು ಗಂಟಾಯಿತು. "ಗ್ಯಾಸ್ಕೆಟ್ ಓಗಿಲ್ವೇನೋ. ಮತ್ಯಾಕ್ ಬೇಯ್ತದೆ?" ಎಂದು ತನಗೇ ಹೇಳಿಕೊಂಡ.

ಆ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕು ಕೂತಿತು. ನನಗೆ ಹಾಗೇ ಆಗುತ್ತಿತ್ತು. ಉತ್ತರ ಸಿಗದ ಪ್ರಶ್ನೆ ಚಪ್ಪಲಿಯೊಳಗೆ ಸಿಕ್ಕಿದ ಕಲ್ಲಿನ ಹಾಗೆ ಚುಚ್ಚುತ್ತಿತ್ತು.

ಕೆಲಸ ಮುಂದುವರಿಯಿತು. ನನ್ನ ಅಜ್ಜಿ, ಅಂದರೆ ಅಪ್ಪನ ಅಮ್ಮ, ಜಗಲಿಯಿಂದ ಇಳಿದು ಬಂದು ಹಳೆ ಆಯಿಲನ್ನು ಡಬ್ಬಕ್ಕೆ ತುಂಬಿಕೊಂಡಳು. ಕೊಟ್ಟಿಗೆಯ ಕಂಬಗಳಿಗೆ ಬಳಿದರೆ ಗೆದ್ದಲು ಹತ್ತುವುದಿಲ್ಲ. ಅಪ್ಪ ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಎಣ್ಣೆ ಸವರಿ ಕೈಯಲ್ಲೇ ಬಿಗಿದ. ಹೊಸ ಆಯಿಲ್ ಸುರಿದಾಗ ಅದು ಜೇನುತುಪ್ಪದ ಬಣ್ಣಕ್ಕಿತ್ತು. ಅಳತೆ ಕಡ್ಡಿ ಅದ್ದಿ, ಒರೆಸಿ, ಮತ್ತೆ ಅದ್ದಿ, ಎರಡು ಗೀರಿನ ನಡುವೆ ನಿಂತಿತೇ ಎಂದು ನೋಡಿ ಹೇಳುವ ಕೆಲಸ ನನ್ನದು. ಆಮೇಲೆ ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ತಳದಲ್ಲಿ ಕೂತಿದ್ದ ನೀರು ಬಿಟ್ಟೆವು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆವು. ಅದು ಸಡಿಲವಾದರೆ ಫ್ಯಾನು ನಿಧಾನವಾಗಿ ತಿರುಗಿ ಇಂಜಿನ್ ಬಿಸಿಯಾಗುತ್ತದಂತೆ. ಆದರೆ ಬೆಲ್ಟ್ ಬಿಗಿಯಾಗೇ ಇತ್ತು. ಅಪ್ಪನ ಹುಬ್ಬು ಇನ್ನೂ ಗಂಟಾಯಿತು.

ಇಷ್ಟರಲ್ಲಿ ನನಗೆ ಇನ್ನೊಂದು ವಿಚಿತ್ರ ಕಂಡಿತು. ಅಕ್ಕ ನಮ್ಮ ಹತ್ತಿರ ಬಂದಿರಲಿಲ್ಲ. ಬಾನೆಟ್ ತೆಗೆದರೆ ಸಾಕು, ಒಲೆ ಮೇಲಿನ ಹಾಲನ್ನೂ ಬಿಟ್ಟು ಓಡಿ ಬರುವವಳು ಅವಳು. ಗಾಡಿಯಲ್ಲಿ ಕೂತರೆ ಅಪ್ಪನ ಕಾಲುಗಳನ್ನೇ ನೋಡುತ್ತಿದ್ದಳು. ಅಪ್ಪನಿಗೊಂದು ಅಭ್ಯಾಸವಿತ್ತು. ಗಾಡಿ ಓಡಿಸುವಾಗ ಎಮ್ಮೆಗೆ ಹೇಳುವ ಹಾಗೆ "ಕ್ಲಚ್ಚು... ಗೇರು... ಬುಡು, ಮೆತ್ಗೆ ಬುಡು" ಎಂದು ಗೊಣಗುತ್ತಿದ್ದ. ಅಕ್ಕನಿಗೆ ಅದೆಲ್ಲ ಬಾಯಿಪಾಠವಾಗಿತ್ತು. ಹೊಲಿಗೆ ಮೆಷಿನ್ ತುಳಿಯುವಾಗಲೂ ಅದನ್ನೇ ಹಾಡುತ್ತಿದ್ದಳು. ಅಂಥವಳು ಇವತ್ತು ಬಾಗಿಲಿನಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದಳು.

ಪಟ್ಟಿಯಲ್ಲಿ ಕೊನೆಯದು ಗಾಳಿ ಡಬ್ಬಿ. ಇಂಜಿನ್ನೂ ನಮ್ಮ ಹಾಗೆ ಉಸಿರಾಡುತ್ತದೆ, ಗೊತ್ತೇ? ರಸ್ತೆಯ ಧೂಳು ಒಳಗೆ ಹೋಗಬಾರದೆಂದು ಅದಕ್ಕೊಂದು ದುಂಡನೆಯ ಮೂಗು ಇರುತ್ತಿತ್ತು. ಅದರ ತಳದಲ್ಲಿ ಒಂದು ಬಟ್ಟಲು ಎಣ್ಣೆ. ಗಾಳಿ ಆ ಎಣ್ಣೆಯ ಮೇಲೆ ಹಾದು ಬರುವಾಗ ಧೂಳೆಲ್ಲ ಅಂಟಿಕೊಂಡು ಅಲ್ಲೇ ಉಳಿಯುತ್ತಿತ್ತು. ಪ್ರತಿ ಸಲ ಬಿಚ್ಚಿದಾಗಲೂ ಬಟ್ಟಲಿನಲ್ಲಿ ಕೆಂಪು ಕೆಸರು ಇರುತ್ತಿತ್ತು, ನಮ್ಮ ಊರಿನ ಮಣ್ಣಿನ ಬಣ್ಣದ್ದು.

ಆವತ್ತು ಬಿಚ್ಚಿದರೆ ಎಣ್ಣೆಯ ಮೇಲೆ ಹಳದಿ ಬಣ್ಣದ ಚೂರುಗಳು ದಪ್ಪ ಕೆನೆಯ ಹಾಗೆ ತೇಲುತ್ತಿದ್ದವು. ನಾನು ಕಡ್ಡಿಯಿಂದ ಒಂದು ಚೂರು ಎತ್ತಿ, ಸೀಮೆಎಣ್ಣೆಯಲ್ಲಿ ತೊಳೆದು ಅಂಗೈ ಮೇಲೆ ಇಟ್ಟುಕೊಂಡೆ. ಚಪ್ಪಟೆಯಾಗಿ, ಕುಡುಗೋಲಿನ ಹಾಗೆ ಬಾಗಿತ್ತು. ಹುರುಳಿಕಾಯಿಯ ಸಿಪ್ಪೆ!

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ಜನವರಿ ಬಂತೆಂದರೆ ನಮ್ಮ ಕಡೆ ಟಾರು ರಸ್ತೆಗಳೆಲ್ಲ ಕಣವಾಗುತ್ತಿದ್ದವು. ಹುರುಳಿ, ರಾಗಿ ಕಿತ್ತು ತಂದು ರಸ್ತೆಯ ಮೇಲೆ ಹಾಸಿಬಿಟ್ಟರೆ, ಬಸ್ಸು ಲಾರಿಗಳು ಅದರ ಮೇಲೆ ಹಾದು ಕಾಳು ಬಿಡಿಸಿಕೊಡುತ್ತಿದ್ದವು. ಎತ್ತು ಕಟ್ಟಿ ತುಳಿಸುವ ಕಷ್ಟವಿಲ್ಲ. ಅಪ್ಪನಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹೊಟ್ಟು ಎದ್ದು ಇಂಜಿನ್ನಿಗೆ ಹೋಗುತ್ತದೆ ಎಂದು ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸಿ, ಓಲಾಡಿಸಿಕೊಂಡು ಹೋಗುತ್ತಿದ್ದ. "ರಸ್ತೆ ಏನು ನಿಮ್ಮಪ್ಪನ ಕಣವಾ?" ಎಂದು ಕೂಗುತ್ತಿದ್ದ. "ಒಂದ್ ಸುತ್ ಓಡ್ಸಿ ಸಾ, ನಿಮ್ಗೂ ಒಂದ್ ಸೇರ್ ಕೊಡ್ತೀವಿ!" ಎಂದು ಅವರೂ ನಗುತ್ತಿದ್ದರು.

ಅಜ್ಜಿಗೂ ಕಾಲುವೆ ನೀರು ಹತ್ತದ ಒಂದು ತುಂಡು ಹೊಲವಿತ್ತು. ಅಲ್ಲಿ ಅವಳ ಹುರುಳಿ. ಸಂಕ್ರಾಂತಿಯ ಹೊತ್ತಿಗೆ ಅದು ಮನೆಯ ಹಿಂದಿನ ಕಣಕ್ಕೆ ಬಂದು ರಾಶಿ ಬಿದ್ದಿತ್ತು. ಒಂದು ಗಳಿಗೆ ಗಾಡಿ ಓಡಿಸಿಕೊಡು ಎಂದು ಅಜ್ಜಿ ಕೇಳಿದಾಗ ಅಪ್ಪ, "ನನ್ ಗಾಡಿ ಎತ್ತಲ್ಲ ಕಣವ್ವ" ಎಂದು ಎದ್ದು ಹೋಗಿದ್ದ.

ಅಂಗೈ ಮೇಲಿನ ಸಿಪ್ಪೆಯನ್ನು ಅಪ್ಪನಿಗೆ ತೋರಿಸಿದೆ. "ರಸ್ತೇಲಿ ಹಾರ್ಕೊಂಡ್ ಬಂದಿರ್ತದೆ" ಎಂದ. ಆದರೆ ಅಂಚಿನಲ್ಲಿ ಹೋಗುವ ಗಾಡಿಗೆ ಬಟ್ಟಲು ತುಂಬ ಹೊಟ್ಟು ಹಾರಿ ಬರುತ್ತದೆಯೇ? ಚಪ್ಪಲಿಯೊಳಗಿನ ಕಲ್ಲು ಮತ್ತೆ ಚುಚ್ಚತೊಡಗಿತು. ನಾನು ಕೈ ಒರೆಸಿಕೊಂಡು ಪುಸ್ತಕ ತೆರೆದೆ. ಕೊನೆಯ ಸಾಲಿನಿಂದ ಹಿಂದಕ್ಕೆ ಬೆರಳಿಟ್ಟು ಓದಿದೆ.

ಜನವರಿ ಹದಿನೆಂಟು, ಸೋಮವಾರ. ಮುಳ್ಳು ಮುಕ್ಕಾಲು. ಅಂದರೆ ಏನೇ ಆಗಿದ್ದರೂ ಅದಕ್ಕೆ ಮೊದಲು ಆಗಿದೆ. ಹದಿನಾರು, ಶನಿವಾರ. ಮುಳ್ಳು ಅರ್ಧ. ನಡುವೆ ಉಳಿದದ್ದು ಹದಿನೇಳು, ಭಾನುವಾರ. ಆವತ್ತು ಟ್ರಿಪ್ ಇಲ್ಲ. ದುಡಿಯುವ ಗಾಡಿಗೂ ವಾರಕ್ಕೊಂದು ರಜ ಬೇಕು ಎನ್ನುವುದು ಅಪ್ಪನ ನಿಯಮ. ಅಪ್ಪ, ಅಮ್ಮ, ನಾನು ಮೂವರೂ ಬಸ್ಸಿನಲ್ಲಿ ಬನ್ನೂರಿಗೆ, ನೆಂಟರ ಮನೆಯ ಮಗುವಿನ ನಾಮಕರಣಕ್ಕೆ ಹೋಗಿದ್ದೆವು. ಮನೆಯಲ್ಲಿದ್ದವರು ಅಜ್ಜಿ ಮತ್ತು ಅಕ್ಕ. 'ತೊಳೆದದ್ದು' ಎಂಬ ಖಾನೆಯಲ್ಲಿ ಅದೇ ಭಾನುವಾರದ ಎದುರು ನಾನೇ ಬರೆದಿದ್ದೆ: 'ಗಾಡಿ ತೊಳೆದದ್ದು ಅಕ್ಕ. ಯಾರೂ ಹೇಳಿರಲಿಲ್ಲ.'

ಡೈರಿಯ ಪುಟಕ್ಕೆ ಹೋದೆ. ಇಪ್ಪತ್ತು, ಬುಧವಾರ: 'ಹೊಸ ಹುರುಳಿಯ ಸಾರು. ಎರಡು ಸಲ ಹಾಕಿಸಿಕೊಂಡೆ.' ಆವತ್ತಿನ ಊಟ ನೆನಪಾಯಿತು. ಬೆಳ್ಳುಳ್ಳಿ ಒಗ್ಗರಣೆಯ ಘಮ, ಬಿಸಿ ಮುದ್ದೆ. "ಹುರುಳಿ ಯಾವಾಗ್ ಬಡುದ್ರಿ ಅವ್ವ?" ಎಂದು ಅಪ್ಪ ಕೇಳಿದ್ದ. "ಆಯ್ತು ಉಣ್ಣಪ್ಪ, ತಣ್ಗಾಯ್ತದೆ" ಎಂದು ಅಜ್ಜಿ ಇನ್ನೊಂದು ಸೌಟು ಸುರಿದಿದ್ದಳು.

ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಂತವು. ತಲೆ ಎತ್ತಿದರೆ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಹೇಳಬೇಡ ಎಂದು ಅವಳ ತಲೆ ಒಂದೇ ಒಂದು ಸಲ ಆ ಕಡೆ ಈ ಕಡೆ ಅಲ್ಲಾಡಿತು. ಹೇಳಿದರೆ ಅವಳ ಹದಿನೇಳು 'ನೋಡಾನ'ಗಳು ಸೇರಿ ಒಂದೇ 'ಬ್ಯಾಡ' ಆಗಿಬಿಡುತ್ತವೆ. ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ ತೂಗುವ ಬೀಗದ ಕೈಯನ್ನು ಅಪ್ಪ ಇನ್ನು ತಲೆದಿಂಬಿನ ಅಡಿಗೆ ಇಟ್ಟುಕೊಳ್ಳುತ್ತಾನೆ. ಹೇಳದಿದ್ದರೆ ನಾಳೆ ಗಾಡಿ ಮೈಸೂರಿಗೆ ಹೋಗುತ್ತದೆ, ಇಲ್ಲದ ಕಾಯಿಲೆಗೆ ಇಂಜಿನ್ ಬಿಚ್ಚುತ್ತಾರೆ.

ಸುಮ್ಮನಿರಬೇಕು ಎಂದೇ ನಾನು ತೀರ್ಮಾನ ಮಾಡಿದ್ದೆ, ನಿಜವಾಗಿ. ಆದರೆ ಕಣ್ಣ ಮುಂದೆ ಪುಸ್ತಕ ತೆರೆದಿತ್ತು. ಹದಿನೇಳನೇ ತಾರೀಕಿನ ಎದುರು 'ಎಲ್ಲಿಗೆ' ಎಂಬ ಖಾನೆ ಖಾಲಿ ಇತ್ತು. ನನ್ನ ಲೆಕ್ಕ ತಪ್ಪು! ಗಾಡಿ ಆವತ್ತು ಓಡಿದೆ, ನಾನು ಬರೆದಿಲ್ಲ. ಪೆನ್ಸಿಲು ತಾನಾಗಿ ಕೈಗೆ ಬಂತು, ಬಾಯಿ ತಾನಾಗಿ ತೆರೆಯಿತು:

"ಅಕ್ಕಾ, ಎಷ್ಟು ಸುತ್ತು?"

ಅಪ್ಪ ಬಟ್ಟಲು ತೊಳೆಯುವುದನ್ನು ನಿಲ್ಲಿಸಿದ. ಅಕ್ಕನ ಮಡಿಲಿನಿಂದ ಅವರೆಕಾಯಿ ಜಾರಿ ಬಿದ್ದವು. ಕೊಕ್ಕರೆಯೊಂದು ಕ್ವಾಕ್ ಎಂದಿತು.

ಮೊದಲು ಮಾತನಾಡಿದ್ದು ಅಜ್ಜಿ. ಸೀರೆಯ ಸೆರಗು ಸಿಕ್ಕಿಸಿಕೊಂಡು ಜಗಲಿಯಿಂದ ಇಳಿದು ಬಂದಳು. "ಅವ್ಳನ್ನ ಯಾಕ್ ಕೇಳೀಯೆ? ಓಡ್ಸು ಅಂದೋಳು ನಾನು. ಎತ್ ಮಾರಿ ತಂದ ಗಾಡಿ, ಎತ್ತಿನ ಕೆಲ್ಸ ಮಾಡ್ಬೇಕೋ ಬ್ಯಾಡ್ವೋ ನೀನೇ ಯೋಳ್ಲಾ!" ಎಂದು ಅಪ್ಪನ ಎದುರಿಗೆ ನಿಂತಳು. ಆಮೇಲೆ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಅದರ ಮೂಲೆಯಿಂದ ಒಂದು ಬಟ್ಟೆಗಂಟು ತೆಗೆದು ನನ್ನ ಕೈಗೆ ಹಾಕಿದಳು. "ತಕೋ. ಸುತ್ತಿಗೊಂದ್ ಕಾಳು. ನೀನು ಒಂದಿನ ಲೆಕ್ಕ ಕೇಳೇ ಕೇಳ್ತೀಯ ಅಂತ ಗೊತ್ತಿತ್ತು ಕಣೇ."

ನಾನು ಗಂಟು ಬಿಚ್ಚಿ ಎಣಿಸಿದೆ. ಎಪ್ಪತ್ತೊಂದು ಹುರುಳಿಕಾಳು.

ಅಕ್ಕ ಎದ್ದು ಬಂದಳು. ಅವಳ ಕಣ್ಣಲ್ಲಿ ನೀರಿತ್ತು. "ನಾನೇ ಇಂಜಿನ್ ಸುಟ್ಟಾಕ್ಬುಟ್ಟೆ ಅಂತ ವಾರದಿಂದ ಒಳ್ಗೊಳ್ಗೇ ಬೇಯ್ತಿದೀನಪ್ಪ. ಏಳಾನ ಅಂದ್ರೆ ಬಾಯೇ ಬರ್ನಿಲ್ಲ" ಎಂದಳು.

ಅಪ್ಪ ಬೈಯುತ್ತಾನೆ ಎಂದು ಕಾದೆವು. ಅವನು ಹಳೆ ಬನಿಯನ್ ಚೂರಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಕೇಳಿದ:

"ಯಾವ್ ಗೇರಲ್ಲಿ ಓಡ್ಸುದ್ದು?"

"ಒಂದ್ರಲ್ಲಿ."

"ಎಷ್ಟ್ ಸಲ ಆಫ್ ಆಯ್ತು?"

"ಮೂರ್ ಸಲ. ಎಲ್ಲ ಮೊದಲ್ನೇ ಸುತ್ತಲ್ಲೇ. ಆಮೇಲ್ ಆಗ್ಲಿಲ್ಲ."

"ಆರ್ನ್ ಒಡುದ್ಯಾ?"

"ಕೋಳಿಗೆ... ಒಂದೇ ಸಲ."

ಅಪ್ಪನ ಮೀಸೆ ಸ್ವಲ್ಪ ಅಲುಗಿದ ಹಾಗೆ ನನಗೆ ಕಂಡಿತು. "ಗಾಡಿ ತೊಳುದ್ಯಲ್ಲ, ಎಲ್ಲಿ ನೀರಾಕ್ದೆ?"

"ಮುಂದ್ಗಡೆ. ಜಾಲರಿ ತುಂಬಾ ಹೊಟ್ಟು ಕೂತಿತ್ತು. ನಿಂಗೆ ಗೊತ್ತಾಯ್ತದೆ ಅಂತ ಕೊಡದಲ್ಲಿ ನೀರ್ ಎರಚ್ದೆ."

ಅಪ್ಪ ಇನ್ನೊಂದು ಮಾತು ಕೇಳಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಗಾಡಿಯ ಮುಂದೆ ಮಂಡಿಯೂರಿ ಕೂತ. ಮುಂದಿನ ಜಾಲರಿಯ ತಿರುಪುಗಳನ್ನು ಬಿಚ್ಚಿ ಅದನ್ನು ಪಕ್ಕಕ್ಕಿಟ್ಟ. ನಾವು ಮೂವರೂ ಬಗ್ಗಿ ನೋಡಿದೆವು. ಹೊರಗಿನಿಂದ ಜಾಲರಿ ಥಳಥಳ ಎನ್ನುತ್ತಿತ್ತು. ಅದರ ಹಿಂದಿದ್ದ ರೇಡಿಯೇಟರ್ ಮಾತ್ರ, ಸಗಣಿ ಸಾರಿಸಿದ ಗೋಡೆಯ ಹಾಗಿತ್ತು! ಒಣ ಹೊಟ್ಟು ಹಾಗೇ ಇದ್ದಿದ್ದರೆ ಅರ್ಧಕ್ಕರ್ಧ ಉದುರಿ ಹೋಗುತ್ತಿತ್ತೇನೋ. ಅಕ್ಕ ಎರಚಿದ ನೀರು ಅದನ್ನೂ ಧೂಳನ್ನೂ ಕಲೆಸಿ ಹಿಟ್ಟು ಮಾಡಿ ಒಳಕ್ಕೆ ತಳ್ಳಿತ್ತು. ಬಿಸಿಗೆ ಅದು ಒಣಗಿ ಗಾರೆಯಾಗಿತ್ತು. ಗಾಳಿ ನುಗ್ಗುವ ಸಂದುಗಳೆಲ್ಲ ಮುಚ್ಚಿದ್ದವು. ಇಂಜಿನ್ನಿಗೆ ಕಂಬಳಿ ಹೊದಿಸಿ ವಾರವಿಡೀ ಬಿಸಿಲಲ್ಲಿ ಓಡಿಸಿದ ಹಾಗಾಗಿತ್ತು.

"ಗ್ಯಾಸ್ಕೆಟ್ಟೂ ಇಲ್ಲ, ಗೀಸ್ಕೆಟ್ಟೂ ಇಲ್ಲ" ಎಂದು ಅಪ್ಪ ನೆಲದ ಮೇಲೆ ಕೂತೇಬಿಟ್ಟ.

ಅಮ್ಮ ತೆಂಗಿನ ಪೊರಕೆ ತಂದುಕೊಟ್ಟಳು. ಅಪ್ಪ ಅದರಿಂದ ಕಡ್ಡಿಗಳನ್ನು ಕಿತ್ತು ಅಕ್ಕನಿಗೊಂದು, ನನಗೊಂದು, ತನಗೊಂದು ಹಂಚಿದ. ಹಿಂದಿನಿಂದ, ಇಂಜಿನ್ನಿನ ಕಡೆಯಿಂದ ಮುಂದಕ್ಕೆ ನೀರು ಬಿಡಬೇಕು. ಮುಂದಿನಿಂದ ಕಡ್ಡಿಯಲ್ಲಿ ಒಂದೊಂದೇ ಸಂದು ಬಿಡಿಸಬೇಕು. ಜೋರಾಗಿ ಒತ್ತಿದರೆ ತೆಳ್ಳನೆಯ ತಗಡು ಬಾಗಿಬಿಡುತ್ತದೆ. ಹಸುವಿನ ಕಿವಿಯಿಂದ ಉಣ್ಣೆ ಹುಳ ತೆಗೆಯುವಷ್ಟು ನಾಜೂಕಾಗಿ ಅಕ್ಕ ಕೆಲಸ ಮಾಡಿದಳು. ಕೆಳಗೆ ಇಟ್ಟಿದ್ದ ಮೊರದಲ್ಲಿ ಹೊಟ್ಟು ಬೀಳುತ್ತಾ ಹೋಯಿತು. ಅಜ್ಜಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಆ ಕೆಸರು ಹೊಟ್ಟಿನಲ್ಲಿ ಬೆರಳಾಡಿಸಿ, "ಅಯ್, ನನ್ ಹುರುಳಿ!" ಎಂದು ಕಾಳು ಹೆಕ್ಕಿದಳು. ಒಟ್ಟು ಒಂಬತ್ತು ಕಾಳು ಸಿಕ್ಕವು. ಬರೆದುಕೊಂಡೆ.

ಎಲ್ಲ ಮುಗಿದು ಗಾಳಿ ಡಬ್ಬಿಗೆ ಹೊಸ ಎಣ್ಣೆ ಹಾಕಿ ಬಿಗಿಯುವ ಹೊತ್ತಿಗೆ ಬಿಸಿಲು ಹೊಂಗೆ ಮರದ ಆ ಕಡೆಗೆ ವಾಲಿತ್ತು. ಇನ್ನು ಗಾಡಿ ಓಡಿಸಿ ಮುಳ್ಳು ನೋಡಬೇಕು. ಅಪ್ಪ ಒಳಗೆ ಹೋಗಿ ಮೊಳೆಯಿಂದ ಬೀಗದ ಕೈ ತಂದ. ಡ್ರೈವರ್ ಸೀಟಿನ ಕಡೆ ಹೋಗಲಿಲ್ಲ. ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತ.

"ಕೆಡ್ಸ್ದೋಳು ನೀನು. ವಾಸಿ ಆಯ್ತೋ ಇಲ್ವೋ ನೀನೇ ತೋರ್ಸು" ಎಂದು ಬೀಗದ ಕೈಯನ್ನು ಅಕ್ಕನ ಕಡೆ ಚಾಚಿದ.

ಅಕ್ಕ ಅದನ್ನು ತೆಗೆದುಕೊಳ್ಳಲು ಕೈಯನ್ನು ಲಂಗಕ್ಕೆ ಮೂರು ಸಲ ಒರೆಸಿಕೊಂಡಳು. ನಾನು ನಡುವೆ ಕೂತೆ, ಪುಸ್ತಕ ತೊಡೆಯ ಮೇಲೆ, ಕಣ್ಣು ಮುಳ್ಳಿನ ಮೇಲೆ. ಟಾರು ರಸ್ತೆಗೆ ಹೋಗಲಿಲ್ಲ. ಊರ ಹಿಂದಿನ ಬಂಡಿ ದಾರಿಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಹೊರಟೆವು. ಆವತ್ತು ಅಪ್ಪನ ಬಾಯಿ ಸುಮ್ಮನಿತ್ತು. ಗೊಣಗುತ್ತಿದ್ದವಳು ಅಕ್ಕ: "ಕ್ಲಚ್ಚು... ಗೇರು... ಬುಡು, ಮೆತ್ಗೆ ಬುಡು." ಅಪ್ಪ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಅವನ ಭುಜ ಮಾತ್ರ ನಗುವಿಗೆ ಕುಲುಕುತ್ತಿತ್ತು.

ಮುಳ್ಳು ಮೇಲೇರಿತು. ಕಾಲುವೆಯ ತೂಬಿನ ಹತ್ತಿರ ಕಾಲುಭಾಗ. ಮಾವಿನ ಮರದ ಹತ್ತಿರ ಅರ್ಧ. ನಾನು ಉಸಿರು ಹಿಡಿದೆ. ಹೋಗುವಾಗ ಅರ್ಧ. ತಿರುಗಿಸಿಕೊಂಡು ಬರುವಾಗಲೂ ಅರ್ಧ. ಮನೆಯ ಮುಂದೆ ಬಂದು ನಿಂತಾಗಲೂ, ಕೊಕ್ಕರೆಗಳು ಎದ್ದು ಕೂತಾಗಲೂ ಅರ್ಧವೇ.

ಹದಿನೆಂಟನೆಯ ಸಲ ಅಕ್ಕ ಕೇಳಲಿಲ್ಲ. ಇಂಜಿನ್ ನಿಂತ ಮೇಲೆ ಅಪ್ಪನೇ ಹೇಳಿದ: "ನಾಳೆ ಮೇಸ್ತ್ರಿ ತಾವ ಓಗೋದ್ ಬ್ಯಾಡ. ಇಬ್ರೂ ಎಲ್‌ಎಲ್‌ಆರ್ ಮಾಡ್ಸಕ್ಕೆ ಓಗಾನ. ಆದ್ರೆ ಇವತ್ತಿಂದ ರೇಡಿಯೇಟರ್ ಕಿಲೀನ್ ಮಾಡೋದು ನಿನ್ ಕೆಲ್ಸ." ಎಲ್‌ಎಲ್‌ಆರ್ ಎಂದರೆ ಗಾಡಿ ಕಲಿಯುವವರಿಗೆ ಕೊಡುವ ಲೈಸೆನ್ಸು. ಅಕ್ಕ ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು. ಹಾರ್ನ್ ಪೋಂ ಎಂದಿತು. ಕೋಳಿಗಳು ಚದುರಿ ಓಡಿದವು.

ಆಮೇಲೆ ಅಪ್ಪ ನನ್ನ ಕಡೆ ತಿರುಗಿದ. ಹದಿನೇಳನೇ ತಾರೀಕಿನ ಎದುರು ಬರೆಯಲು ಹೇಳಿದ. ಎಪ್ಪತ್ತೊಂದು ಸುತ್ತು ಎಂದರೆ ಎಷ್ಟು ಟ್ರಿಪ್ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ದೂರ ಕಮ್ಮಿ. ಆದ್ರೆ ಒಂದ್ನೇ ಗೇರಲ್ಲಿ ಅಷ್ಟೊತ್ತು ದುಡುದದೆ. ಒಂದು ಅಂತ ಬರ್ಕೊ" ಎಂದ. ಎಲ್ಲಿಗೆ ಎಂಬಲ್ಲಿ 'ಅಜ್ಜಿಯ ಕಣ', ಲೋಡು ಎಂಬಲ್ಲಿ 'ಹುರುಳಿ' ಎಂದು ಬರೆದೆ. ಅರವತ್ತು ಅರವತ್ತೊಂದಾಯಿತು.

"ಇನ್ನೊಂದ್ ಗೆರೆ ಎಳ್ಕೊ" ಎಂದ ಅಪ್ಪ. "ಓಡ್ಸುದ್ದು ಯಾರು ಅಂತ."

ಅಲ್ಲಿಯತನಕ ಆ ಖಾನೆಯೇ ನಮಗೆ ಬೇಕಾಗಿರಲಿಲ್ಲ, ನೋಡಿ. ಗಾಡಿ ಓಡಿಸುವವನು ಒಬ್ಬನೇ ಇದ್ದ.

ಈಗ ನಿಮ್ಮ ಅಮ್ಮನ ಸ್ಕೂಟರಿಗೆ ಎಣ್ಣೆ ಬೇಡ, ಗಾಳಿ ಡಬ್ಬಿ ಬೇಡ. ಅದು ಸದ್ದಿಲ್ಲದೆ ಬಂದು ನಿಲ್ಲುತ್ತದೆ, ಮರದ ಹಕ್ಕಿ ಕೂಡ ತಲೆ ಎತ್ತುವುದಿಲ್ಲ. ಎಷ್ಟು ದೂರ ಓಡಿತು, ಯಾವತ್ತು ಸರ್ವಿಸ್ ಮಾಡಿಸಬೇಕು ಎಂದು ತಾನೇ ಲೆಕ್ಕ ಹಾಕಿ ಫೋನಿಗೆ ಕಳಿಸುತ್ತದೆ. ಎತ್ತಿನ ಬದಲು ಹುರುಳಿ ಬಡಿಯಲು ಮೆಷಿನ್ನೇ ಹೊಲಕ್ಕೆ ಬರುತ್ತದೆ. ನಿಮ್ಮ ಕಾಲದಲ್ಲಿ ಹುಟ್ಟಿದ್ದರೆ ಹನ್ನೊಂದು ವರ್ಷದ ನನಗೆ ಮೀಟರಿನ ಕೆಲಸ ಸಿಗುತ್ತಿರಲಿಲ್ಲ. ನಾನು ಬೇರೆ ಏನನ್ನಾದರೂ ಎಣಿಸುತ್ತಿದ್ದೆ, ಬಿಡಿ. ಪ್ರತಿದಿನ ನಿಮ್ಮ ಅಮ್ಮ ಸ್ಕೂಟರ್ ತೆಗೆದಾಗ ಯಾರೂ ಯಾರನ್ನೂ ಕೇಳುವುದಿಲ್ಲ, ಯಾರೂ 'ನೋಡಾನ' ಎನ್ನುವುದಿಲ್ಲ. ಅದು ನಿಮಗೆ ಗಾಳಿಯಷ್ಟು ಸಹಜ.

ಹೋದ ಯುಗಾದಿಗೆ ಟಿ. ನರಸೀಪುರದಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಳಲ್ಲ, ನಿಮ್ಮ ದೊಡ್ಡಜ್ಜಿ, ಅವಳೇ ಆ ಅಕ್ಕ. ಗೇಟಿನ ಒಳಗೆ ಬರುವಾಗ ಅವಳ ತುಟಿ ಅಲ್ಲಾಡುತ್ತಿತ್ತು, ದೇವರ ಸ್ತೋತ್ರ ಹೇಳುತ್ತಾಳಾ ಎಂದು ನೀವು ಕೇಳಿದಿರಿ. ಅದು ಯಾವ ಸ್ತೋತ್ರ ಎಂದು ಈಗ ನಿಮಗೂ ಗೊತ್ತು. ಆ ನೋಟ್‌ಬುಕ್ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಅದರ ರಟ್ಟಿನ ಒಳಗೆ ಅಜ್ಜಿಯ ಸಣ್ಣ ಬಟ್ಟೆಗಂಟೂ ಇದೆ. ಬೇಕಾದರೆ ಬಿಚ್ಚಿ ಎಣಿಸಿ ನೋಡಿ. ಎಪ್ಪತ್ತು ಇರುತ್ತದೆ. ಒಂದನ್ನು ಆ ಸಂಜೆ ನಾನು ಹೊಸ ಗೆರೆಯ ಪಕ್ಕದಲ್ಲಿ, ಅಕ್ಕ ಎಂದು ಮೊದಲ ಸಲ ಬರೆದ ಜಾಗದಲ್ಲಿ, ಅನ್ನದ ಅಗುಳಿನಿಂದ ಅಂಟಿಸಿದ್ದೇನೆ.